ಶಾಸಕರು ತಮ್ಮ ಸಂಬಳವನ್ನು ತಾವಾಗಿಯೇ ಬಿಟ್ಟುಕೊಡಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಡೆಯ ಅಭ್ಯರ್ಥಿಯೊಬ್ಬರು ಗೆದ್ದರೆ ಒಂದು ಪೈಸೆಯನ್ನೂ ಸಂಬಳವಾಗಿ ಮುಟ್ಟುವುದಿಲ್ಲ ಎಂದು ಊರೂರಿನಲ್ಲಿ ಹೇಳುತ್ತಿದ್ದಾರೆ. ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೇ? ಬಿಟ್ಟುಕೊಟ್ಟ ಹಣಕ್ಕೂ ಅವರು ತೆರಿಗೆ ಕಟ್ಟಬೇಕಾಗುತ್ತದೆಯೇ? ಲೆಕ್ಕಪರಿಶೋಧಕರಾಗಿ ತಾವು ದಯವಿಟ್ಟು ತಿಳಿಸಬೇಕು.

ಉತ್ತರ: ನಮಸ್ಕಾರ. ಸಂವಿಧಾನದ 195ನೇ ವಿಧಿ ಶಾಸಕರಿಗೂ 106ನೇ ವಿಧಿ ಸಂಸದರಿಗೂ ಸಂಬಳ ಮತ್ತು ಭತ್ಯೆ ಪಡೆಯುವ ಹಕ್ಕನ್ನು ಕೊಟ್ಟಿವೆ; ಪಡೆಯಲೇಬೇಕೆಂಬ ಕಟ್ಟಳೆಯನ್ನು ಹಾಕಿಲ್ಲ. ಆದ್ದರಿಂದ ಬೇಡವೆನ್ನಲು ಅಡ್ಡಿಯಿಲ್ಲ. 2020ರಲ್ಲಿ ಕೋವಿಡ್ ನಿಮಿತ್ತ ಸಂಸದರ ಸಂಬಳದಲ್ಲಿ ಒಂದು ವರ್ಷದ ಮಟ್ಟಿಗೆ ಶೇ. 30ರಷ್ಟನ್ನು ಕಡಿತ ಮಾಡಿದ್ದು ಬೇರೆಯ ಮಾತು. ಅದು ಕಾನೂನಿನ ಮೂಲಕ ಎಲ್ಲರಿಗೂ ಅನ್ವಯವಾದ ಕಡಿತವೇ ಹೊರತು ಯಾರೊಬ್ಬರ ಸ್ವಂತ ತ್ಯಾಗವಲ್ಲ.

ತೆರಿಗೆಯ ಪ್ರಶ್ನೆಯಲ್ಲಿ ಬೇಡವೆನ್ನುವುದೂ ಪಡೆದು ದಾನ ಮಾಡುವುದೂ ಒಂದೇ ಅಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ನನ್ನ ಬಳಿಗೆ ಬರುತ್ತಿದ್ದ ಜನಪ್ರತಿನಿಧಿಯೊಬ್ಬರು ತಿಂಗಳ ಹಣ ಖಾತೆಗೆ ಜಮೆಯಾದ ಮರುದಿನವೇ ಅಷ್ಟೇ ಮೊತ್ತದ ಚೆಕ್ಕನ್ನು ಪರಿಹಾರ ನಿಧಿಗೆ ಕಳುಹಿಸಿ, ಹನ್ನೆರಡು ರಸೀದಿಗಳನ್ನು ದಾರ ಕಟ್ಟಿದ ಕಡತದಲ್ಲಿ ಜೋಡಿಸಿಟ್ಟಿದ್ದರು. ಪಾಸ್‌ಬುಕ್ಕಿನಲ್ಲಿ ಜಮೆಯ ಸಾಲು, ಅದರ ಕೆಳಗೇ ಖರ್ಚಿನ ಸಾಲು. ಆದರೂ ಆ ಹಣ ಅವರ ಆದಾಯವೇ ಆಗಿತ್ತು, ಏಕೆಂದರೆ ಕೈಗೆ ಬಂದದ್ದನ್ನು ಕೊಡುವುದು ಆದಾಯದ ವಿನಿಯೋಗ ಮಾತ್ರ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ದಾನಕ್ಕೆ ಸಿಗುವ, ನಾವು 80ಜಿ ಎಂದು ಕರೆದು ಬಂದಿರುವ ಕಡಿತದ ಮೂಲಕ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟ ಹಣವನ್ನು ತೆರಿಗೆ ಬೀಳುವ ಆದಾಯದಿಂದ ಪೂರ್ತಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಕಡಿತವೇ ಇಲ್ಲ. ಅವರು ಹೊಸ ಪದ್ಧತಿಯನ್ನು ಆರಿಸಿಕೊಂಡಿದ್ದರಿಂದ, ಕೊಟ್ಟ ಹಣಕ್ಕೂ ತೆರಿಗೆ ಕಟ್ಟಬೇಕಾಯಿತು. ಅದನ್ನು ಅವರಿಗೆ ವಿವರಿಸುವಾಗ ನನಗೆ ನಿಜಕ್ಕೂ ಬೇಸರವಾಗಿತ್ತು.

ಆದ್ದರಿಂದ ಹಣ ಜಮೆಯಾಗುವ ಮೊದಲೇ, ಪ್ರಮಾಣವಚನದ ಬೆನ್ನಲ್ಲೇ, ಎಷ್ಟು ಮೊತ್ತ, ಯಾವ ತಿಂಗಳಿನಿಂದ ಎಂಬುದನ್ನು ಸ್ಪಷ್ಟವಾಗಿ ಬರೆದು ವಿಧಾನಮಂಡಲದ ಸಚಿವಾಲಯಕ್ಕೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ಸಾರ್ವಜನಿಕ ಹಿತಕ್ಕಾಗಿ ಸ್ವಇಚ್ಛೆಯಿಂದ ಬಿಟ್ಟುಕೊಟ್ಟ ಸಂಬಳಕ್ಕೆ ತೆರಿಗೆ ವಿನಾಯಿತಿ ನೀಡಲು 1961ರಲ್ಲಿಯೇ ಕೇಂದ್ರ ಕಾಯ್ದೆಯೊಂದು ಬಂದಿದೆ. ಪತ್ರ ಬರೆಯುವ ಮೊದಲು ಅದರ ಷರತ್ತುಗಳನ್ನು ಓದಿಕೊಳ್ಳಬೇಕು.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಕೋಟ್ಯಧಿಪತಿಗಳಾದ ಶಾಸಕರೆಲ್ಲರೂ ಸಂಬಳ ಬಿಡಬೇಕೆಂದು ನಾವು ಏಕೆ ಒತ್ತಾಯಿಸಬಾರದು ಸರ್?

ಉತ್ತರ: ಮೇಡಂ, ಉಳ್ಳವರು ಬಿಟ್ಟರೆ ಸಂತೋಷವೇ. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಮಂಡಲ ಶಾಸಕರ ತಿಂಗಳ ಸಂಬಳವನ್ನು 40,000 ರೂಪಾಯಿಯಿಂದ 80,000 ರೂಪಾಯಿಗೆ ಏರಿಸುವ ಮಸೂದೆಯನ್ನು ಅಂಗೀಕರಿಸಿದಾಗ ಜನರಿಗೆ ಬಂದ ಕೋಪ ನನಗೂ ಅರ್ಥವಾಗುತ್ತದೆ. ಆದರೆ ಒತ್ತಾಯಕ್ಕೆ ನನ್ನ ಒಪ್ಪಿಗೆಯಿಲ್ಲ. ಬ್ರಿಟನ್ನಿನಲ್ಲಿ 1838ರ ಜನತಾ ಸನ್ನದು ಎಂಬ ಬೇಡಿಕೆಪತ್ರದಲ್ಲಿ, ದುಡಿಯುವವರ ರಾಜಕೀಯ ಹಕ್ಕುಗಳಿಗಾಗಿ ಹೋರಾಡಿದ ಚಾರ್ಟಿಸ್ಟರು ಸಂಸದರಿಗೆ ಸಂಬಳ ಬೇಕೆಂದು ಕೇಳಿದ್ದು, ಆಸ್ತಿಯಿಲ್ಲದ ದುಡಿಯುವ ಮನುಷ್ಯನೂ ಸಭೆಯಲ್ಲಿ ಕುಳಿತುಕೊಳ್ಳಲು ಸಾಧ್ಯವಾಗಲಿ ಎಂಬ ಕಾರಣಕ್ಕೆ. ವರ್ಷಕ್ಕೆ 400 ಪೌಂಡ್ ಸಂಬಳ ಅಲ್ಲಿ ಜಾರಿಗೆ ಬಂದದ್ದು 1911ರಲ್ಲಿ. ಸಂಬಳ ಬಿಡುವುದೇ ಯೋಗ್ಯತೆಯ ಗುರುತಾಗಿಬಿಟ್ಟರೆ, ಕೂಲಿ ಮಾಡಿ ಬದುಕುವ ಮನೆಯಿಂದ ಬಂದ ಹೆಣ್ಣುಮಗಳೊಬ್ಬಳು ಗೆದ್ದು ಸಂಬಳ ಎಣಿಸಿಕೊಂಡಾಗ ಅವಳನ್ನೇ ದುರಾಸೆಯವಳೆಂದು ಕರೆಯುತ್ತೇವೆ.

ಮೊದಲು ಕೇಳಿದವರು: ಧನ್ಯವಾದ ಸರ್. ಆ ಅಭ್ಯರ್ಥಿಯನ್ನು ಏನೆಂದು ಕೇಳಬೇಕು?

ಉತ್ತರ: ಬಿಡುವುದು ಸಂಬಳವನ್ನು ಮಾತ್ರವೋ, ಭತ್ಯೆಗಳನ್ನೂ ಮುಂದಿನ ಪಿಂಚಣಿಯನ್ನೂ ಸೇರಿಸಿಯೋ ಎಂದು ಕೇಳಿ. ಗೆದ್ದ ಮೇಲೆ ಸಚಿವಾಲಯಕ್ಕೆ ಕೊಟ್ಟ ಪತ್ರದ ಪ್ರತಿಯನ್ನು ಕ್ಷೇತ್ರದ ಕಚೇರಿಯ ಗೋಡೆಗೆ ಅಂಟಿಸುವಂತೆಯೂ ಹೇಳಿ.