ಬ್ರಿಡ್ಜ್ ಬಿದ್ದದ್ದು ಅಲ್ಲಿ, ಜಗಳ ಇಲ್ಲಿ

ಬೆಳಿಗ್ಗೆ ಆರಕ್ಕೇ ದೊಡ್ಡಪ್ಪ ಮನೆಯವರ ಗುಂಪಿಗೆ ವಿಡಿಯೊ ಹಾಕಿದರು. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಡಗು ಗುದ್ದಿ ಬಿದ್ದ ಸೇತುವೆ. ಕೆಳಗೆ ಫಾರ್ವರ್ಡ್ ಬರಹ: ‘10,000 ವರ್ಷಕ್ಕೊಮ್ಮೆ ಬಿದ್ದರೆ ಬಿದ್ದೀತು ಅನ್ನುತ್ತೆ ಎಂಜಿನಿಯರ್‌ಗಳ ಕೋಡ್. 47 ವರ್ಷಕ್ಕೇ ಬಿತ್ತು! ಎಲ್ಲರಿಗೂ ಹಂಚಿ.’

ಅತ್ತೆ ಕೈಮುಗಿಯುವ ಇಮೋಜಿ ಮೂರು ಒತ್ತಿದರು. ವಿಡಿಯೊ ನೋಡಿರಲಿಕ್ಕಿಲ್ಲ.

ಅಕ್ಕ: ‘ಇದನ್ನು ಬರೆದವರು ಯಾರು ದೊಡ್ಡಪ್ಪ? ಮೂಲ ಕೊಡಿ.’

ದೊಡ್ಡಪ್ಪ: ‘ಹಿರಿಯರು ಕಳಿಸಿದ್ದಕ್ಕೆಲ್ಲ ಸಾಕ್ಷಿ ಕೇಳಬಾರದಮ್ಮ. ಹಿಂದಿನವರು ನಿಯತ್ತಿನಿಂದ ಕಟ್ಟುತ್ತಿದ್ದರು.’

ಚಿಕ್ಕಪ್ಪ: ‘ನಿಯತ್ತಿನ ಮಾತು ನೀನು ಆಡಬೇಡ ಅಣ್ಣ. ನನ್ನ ಏಣಿ ತಗೊಂಡು ಹೋಗಿ ಹನ್ನೊಂದು ವರ್ಷ ಆಯ್ತು.’

ಅಷ್ಟೊತ್ತಿಗೆ ಭಾವ ಹತ್ತು ನಿಮಿಷದಿಂದ ಟೈಪ್ ಮಾಡುತ್ತಲೇ ಇದ್ದರು. ಸ್ಟ್ರಕ್ಚರಲ್ ಎಂಜಿನಿಯರ್ ಅಲ್ವಾ, ತಡೆಯಲಾಗಲಿಲ್ಲ:

‘10,000 ವರ್ಷ ಬೀಳಲ್ಲ ಅಂತ ಅರ್ಥ ಅಲ್ಲ. ಪ್ರತಿ ವರ್ಷವೂ ಹಡಗು ಗುದ್ದಿ ಬೀಳುವ ಸಾಧ್ಯತೆ 10,000ಕ್ಕೆ ಒಂದನ್ನು ಮೀರಬಾರದು ಅಂತ, ಅದೂ ತುಂಬಾ ಮುಖ್ಯವಾದ ಸೇತುವೆಗಳಿಗೆ. ವರ್ಷಕ್ಕೆ ಎಷ್ಟು ಹಡಗು, ದಾರಿ ತಪ್ಪುವುದೆಷ್ಟು, ಕಂಬಕ್ಕೆ ತಾಗುವುದೆಷ್ಟು, ತಾಗಿದರೆ ಕಂಬ ಮುರಿಯುವುದೆಷ್ಟು, ಎಲ್ಲ ಗುಣಿಸಬೇಕು. 1980ರಲ್ಲಿ ಫ್ಲೋರಿಡಾದ ಸನ್‌ಶೈನ್ ಸ್ಕೈವೇ ಸೇತುವೆಗೆ ಹಡಗು ಗುದ್ದಿ 35 ಜನ ಸತ್ತ ಮೇಲೆ, 1991ರಲ್ಲಿ ಈ ಲೆಕ್ಕ ಬಂದದ್ದು. ಬಾಲ್ಟಿಮೋರ್ ಸೇತುವೆ 1977ರದ್ದು. ಹಳೆಯವಕ್ಕೂ ಹಾಕಿ ನೋಡಿ ಅಂತ ಶಿಫಾರಸು ಇತ್ತು, ಕಡ್ಡಾಯ ಇರಲಿಲ್ಲ. ಈ ಸೇತುವೆಗೆ ಯಾರೂ ಹಾಕಲಿಲ್ಲ. ಬಿದ್ದ ಮೇಲೆ ತನಿಖೆಯವರು ಹಾಕಿದರೆ, ಅಪಾಯ ಮಿತಿಯ ಸುಮಾರು 30 ಪಟ್ಟು!’

ಅತ್ತೆ ಮತ್ತೆ ಮೂರು ಇಮೋಜಿ.

ಅಕ್ಕ ಪಕ್ಕದ ಕೋಣೆಯಿಂದಲೇ ಗಂಡನಿಗೂ ಬರೆದಳು: ‘ಮೂಲ?’

ಚಿಕ್ಕಪ್ಪನ ಮಗ: ‘ಹಡಗು ಅಂದ ತಕ್ಷಣ ನೆನಪಾಯ್ತು. ಮಳೆ ಬಂದಾಗ ಅಜ್ಜನ ಮನೆ ಮುಂದೆ ಕಾಗದದ ದೋಣಿ ಬಿಡ್ತಿದ್ವಲ್ಲ! ಎಂಥಾ ದಿನಗಳು.’

ಅಕ್ಕ: ‘ನನ್ನ ಗಣಿತದ ನೋಟ್ಸ್ ಹರಿದು ಮಾಡಿದ ದೋಣಿ ಅದು. ಪರೀಕ್ಷೆಗೆ ಎರಡು ದಿನ ಇತ್ತು.’

ಅಲ್ಲಿಗೆ ಬಾಲ್ಟಿಮೋರ್ ಮುಗಿಯಿತು. ನೋಟ್ಸ್ ಹರಿದದ್ದು ಯಾರು ಅಂತ ನಲವತ್ತು ಮೆಸೇಜು ಓಡಿತು. ಸುಮ್ನೆ ಓದುತ್ತಿದ್ದ ನಾನು ಬಾಯಿ ಬಿಡಲಿಲ್ಲ. ಹರಿದವನು ನಾನೇ.

ರಾತ್ರಿ ದೊಡ್ಡಪ್ಪ ಏಣಿಯ ಫೋಟೊ ಹಾಕಿದರು. ನಾಲ್ಕನೇ ಮೆಟ್ಟಿಲು ಮುರಿದಿದೆ, ಹಗ್ಗ ಸುತ್ತಿದೆ. ‘ಅಳಿಯಂದ್ರೇ, ಇದಕ್ಕೂ ಒಂದು ಲೆಕ್ಕ ಹಾಕಿ. ನಾಳೆ ವಾಪಸ್ ಕೊಡ್ತೀನಿ.’

ಭಾವ: ‘ಮುರಿದಾಗ ಮೇಲೆ ಯಾರಿದ್ದರು?’

ಎರಡು ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.