ಸಹಾಯ ಬೇಕು: ಆಂಬುಲೆನ್ಸ್ ಸಿಬ್ಬಂದಿಯ ಮಾನಸಿಕ ಆರೋಗ್ಯ ತಪಾಸಣೆ, ಹೆಸರು ಬರೆಸಬೇಕೋ ಬೇಡವೋ?

ಎಲ್ಲರಿಗೂ ನಮಸ್ಕಾರ. ಕೋವಿಡ್ ಕಾಲದಲ್ಲಿ ದುಡಿದ ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ) ಮತ್ತು ಚಾಲಕರಿಗೆ ತಪಾಸಣೆ ಮಾಡಿಸುತ್ತಿದ್ದೇವೆ. 2021ರ ಏಪ್ರಿಲ್-ಮೇನಲ್ಲಿ ಬೆಡ್ ಹುಡುಕುತ್ತಾ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರು ಇವರು. ನಿಮಿಷಕ್ಕೆ 15 ಲೀಟರ್ ಹರಿವಿಟ್ಟರೆ ಬಿ ಟೈಪ್ ಆಮ್ಲಜನಕ ಸಿಲಿಂಡರ್ ಒಂದೂವರೆ ಗಂಟೆ ಚಿಲ್ಲರೆ ಬರುತ್ತದೆ, ಅಷ್ಟೇ. ಗೇಜಿನ ಮುಳ್ಳು ಕೆಂಪಿಗೆ ಇಳಿಯುವುದನ್ನು ನೋಡುತ್ತಾ ಕೂತವರಿಗೆ ಈಗಲೂ ನಿದ್ದೆ ಸರಿಯಿಲ್ಲ.

ಕನ್ನಡದ ಪಿಎಚ್‌ಕ್ಯೂ-9 (ಖಿನ್ನತೆ ಪತ್ತೆಹಚ್ಚುವ ಒಂಬತ್ತು ಪ್ರಶ್ನೆಗಳ ಫಾರಂ, ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ) ಕೊಟ್ಟೆವು. ಅದರಲ್ಲಿ ನಿದ್ದೆ, ಸುಸ್ತು, ಹಸಿವು ಈ ಮೂರು ಪ್ರಶ್ನೆಗಳಿಗೇ 9 ಅಂಕದವರೆಗೆ ಬರಬಹುದು. ಒಟ್ಟು 10 ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. 12 ಗಂಟೆಯ ನೈಟ್ ಶಿಫ್ಟ್ ಮಾಡುವವರಿಗೆ ಖಿನ್ನತೆ ಇಲ್ಲದಿದ್ದರೂ ಅಂಕ ಏರಿಬಿಡುತ್ತದೆ. ಹಾಗಾಗಿ ಸತತ ನೈಟ್ ಮುಗಿಸಿದವರಿಗೆ ಡೇ ಶಿಫ್ಟಿಗೆ ಬಂದು ಎರಡು ವಾರ ಆದಮೇಲೆ ಕೊಡುತ್ತಿದ್ದೇವೆ, ಏಕೆಂದರೆ ಫಾರಂ ಕೇಳುವುದು ಹಿಂದಿನ ಎರಡು ವಾರದ್ದು. ಇದು ತಕ್ಕಮಟ್ಟಿಗೆ ಸರಿಹೋಯಿತು.

ಸಿಕ್ಕಿಹಾಕಿಕೊಂಡಿರುವುದು ಬೇರೆ ಕಡೆ. ಹೆಸರು ಬರೆಸಿದರೆ ಎಲ್ಲರೂ ಸಾಲಾಗಿ ಸೊನ್ನೆ ಗುರುತು ಹಾಕುತ್ತಾರೆ. ಗುತ್ತಿಗೆ ಕೆಲಸ, ಹೆದರಿಕೆ ಸಹಜ. ಹೆಸರಿಲ್ಲದೆ ಕೊಟ್ಟರೆ ನಿಜ ಬರೆಯುತ್ತಾರೆ, ಆದರೆ 9ನೇ ಪ್ರಶ್ನೆಗೆ, ಅಂದರೆ ಸಾಯುವ ಯೋಚನೆ ಬಗ್ಗೆ, ಯಾರಾದರೂ 'ಹೌದು' ಅಂದರೆ ಅವರನ್ನು ತಲುಪುವ ದಾರಿಯೇ ಇರುವುದಿಲ್ಲ. ಫಾರಂ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಹಾಕಿದ್ದೇವೆ. ಅದೊಂದೇ ಸಾಲದು ಅನ್ನಿಸುತ್ತಿದೆ.

ಕೋಡ್ ನಂಬರ್ ಕೊಟ್ಟು, ಹೆಸರಿನ ಪಟ್ಟಿಯನ್ನು ಸಂಸ್ಥೆಯ ಹೊರಗಿನ ಆಪ್ತಸಮಾಲೋಚಕರ ಬಳಿ ಮಾತ್ರ ಇಡುವ ಪದ್ಧತಿ ನಡೆಸಿದವರು ಇದ್ದೀರಾ? ಪಟ್ಟಿ ಆಡಳಿತದ ಕೈಗೆ ಹೋಗದಂತೆ ಒಪ್ಪಿಗೆ ಪತ್ರದಲ್ಲಿ ಏನು ಬರೆಸಿದಿರಿ?