ಸಂಬಳದ ಫೋಲ್ಡರ್ ಇಡೀ ಕಚೇರಿಗೆ ತೆರೆದುಕೊಂಡಿದೆ: ಹಳೆಯ ಅನುಮತಿ ಮರಳಿ ತರುವುದು ಹೇಗೆ?

ಹುಬ್ಬಳ್ಳಿ ಲೆಕ್ಕಿಗ:
ನಮ್ಮದು ಲೆಕ್ಕಪರಿಶೋಧಕರ ಕಚೇರಿ. ಇಪ್ಪತ್ತೆರಡು ಜನ, ಒಂದು ವಿಂಡೋಸ್ ಸರ್ವರ್. ನಾನು ಓದಿದ್ದು ಬಿ.ಕಾಂ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಬಿಡಿಸಿಕೊಟ್ಟ ತಪ್ಪಿಗೆ ಸರ್ವರಿನ ಹೊಣೆಯೂ ನನ್ನ ಕೊರಳಿಗೆ ಬಿತ್ತು.

ಸೆಪ್ಟೆಂಬರ್ 30ರ ತೆರಿಗೆ ಆಡಿಟ್ ಗಡುವು ತಲೆಯ ಮೇಲಿತ್ತು. ಹಿರಿಯ ಪಾಲುದಾರರು ತಮ್ಮ ‘ಪಾಲುದಾರರು’ ಫೋಲ್ಡರಿನಲ್ಲಿದ್ದ ಗ್ರಾಹಕರೊಬ್ಬರ ಫೋಲ್ಡರನ್ನು ಎಳೆದು ‘ಆಡಿಟ್’ನೊಳಗೆ ಹಾಕಿದರು. ಆರ್ಟಿಕಲ್ ಹುಡುಗರಿಗೆ (ಸಿಎ ಓದುತ್ತ ನಮ್ಮಲ್ಲಿ ತರಬೇತಿಗಿರುವವರಿಗೆ) ಅದು ತೆರೆಯಲಿಲ್ಲ. ಅಕ್ಕಪಕ್ಕದವೆಲ್ಲ ತೆರೆಯುತ್ತವೆ, ಅದೊಂದೇ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನನ್ನ ತಾಳ್ಮೆ ಮುಗಿಯಿತು. ಎಲ್ಲಕ್ಕಿಂತ ಮೇಲಿನ ಫೋಲ್ಡರಿಗೆ ಹೋಗಿ, ಒಳಗಿರುವ ಎಲ್ಲದರ ಅನುಮತಿಯನ್ನೂ ಇಲ್ಲಿಯದರಿಂದ ಬದಲಿಸು ಎನ್ನುವ ಚೌಕಕ್ಕೆ ಗುರುತು ಹಾಕಿ ಓಕೆ ಒತ್ತಿದೆ.

ಆ ಫೋಲ್ಡರ್ ತೆರೆಯಿತು. ‘ಸಂಬಳ’ವೂ ತೆರೆಯಿತು. ಯಾರಿಗೆಷ್ಟು ಎನ್ನುವುದು ಸಂಜೆಯ ಹೊತ್ತಿಗೆ ಚಹಾದಂಗಡಿಯವನಿಗೂ ಗೊತ್ತಾಗಿತ್ತು.

ಮೊದಲಿನಂತೆ ಮಾಡುವುದು ಹೇಗೆ? ಆ ಒಂದು ಫೋಲ್ಡರ್ ಅಷ್ಟು ಹಟ ಹಿಡಿದದ್ದಾದರೂ ಏಕೆ?

ರಾತ್ರಿಪಾಳಿ:
ಮೊದಲು ‘ಸಂಬಳ’ಕ್ಕೆ ಬೀಗ ಹಾಕಿ, ಕಾರಣ ಆಮೇಲೆ. ಅದರ ಇನ್ಹೆರಿಟೆನ್ಸ್, ಅಂದರೆ ಮೇಲಿನ ಫೋಲ್ಡರಿನಿಂದ ಅನುಮತಿ ಇಳಿದು ಬರುವುದನ್ನು, ನಿಲ್ಲಿಸುವಾಗ ಎರಡು ಆಯ್ಕೆ ಬರುತ್ತವೆ. ಇರುವ ಅನುಮತಿಗಳನ್ನು ಸ್ವಂತದ್ದಾಗಿ ಉಳಿಸಿಕೊಳ್ಳುವುದನ್ನೇ ಆರಿಸಿ, ಬೇಡದ ಗುಂಪನ್ನು ನಂತರ ಅಳಿಸಿ. ವಿಂಡೋಸ್ ತನ್ನ ಕೆಲಸಕ್ಕೆ ಬಳಸುವ ಸಿಸ್ಟಮ್ ಖಾತೆಯನ್ನು ಮುಟ್ಟಬೇಡಿ, ಬ್ಯಾಕಪ್ ನಿಂತೀತು. ಫೈಲನ್ನು ಈಗಾಗಲೇ ತೆರೆದಿಟ್ಟವರಿಗೆ ಈ ಬೀಗ ತಾಗುವುದಿಲ್ಲ. ಸರ್ವರಿನ ಓಪನ್ ಫೈಲ್ಸ್ ಪಟ್ಟಿಗೆ ಹೋಗಿ ಅದನ್ನು ಮುಚ್ಚಿಸಬೇಕು.

ಹಳೇ ಶಾನುಭೋಗ:
ಜಮೀನಿನ ಭಾಷೆಯಲ್ಲಿ ಹೇಳುತ್ತೇನೆ. ಮೇಲಿನ ಫೋಲ್ಡರಿನಿಂದ ಇಳಿದು ಬರುವುದು ಪಿತ್ರಾರ್ಜಿತ ಅನುಮತಿ, ಫೋಲ್ಡರಿಗೇ ನೇರವಾಗಿ ಬರೆದದ್ದು ಸ್ವಯಾರ್ಜಿತ. ನಿಮ್ಮ ‘ಸಂಬಳ’ ಹಿಸ್ಸೆ ಪಡೆದು ಬೇರೆ ಮನೆ ಮಾಡಿಕೊಂಡಿತ್ತು. ನೀವು ಹಾಕಿದ ಗುರುತು ಅದರ ಸ್ವಯಾರ್ಜಿತವನ್ನೆಲ್ಲ ಅಳಿಸಿ ಮತ್ತೆ ಕೂಡುಕುಟುಂಬಕ್ಕೆ ಎಳೆತಂದಿತು.

ಹಟದ ಕಾರಣ ಇಷ್ಟೆ: ಒಂದೇ ವಾಲ್ಯೂಮಿನೊಳಗೆ (ಡಿಸ್ಕಿನ ಒಂದು ವಿಭಾಗ, ಸಿ ಅಥವಾ ಡಿ ಡ್ರೈವ್ ಇದ್ದಂತೆ) ಫೋಲ್ಡರನ್ನು ಸ್ಥಳಾಂತರಿಸಿದರೆ ಅದು ಹಳೆಯ ಮನೆಯ ಅನುಮತಿಯನ್ನೇ ಹೊತ್ತು ಬರುತ್ತದೆ. ನಕಲು ಮಾಡಿದರೆ ಅಥವಾ ಬೇರೆ ವಾಲ್ಯೂಮಿಗೆ ಒಯ್ದರೆ ಹೊಸ ಮನೆಯದು ಸಿಗುತ್ತದೆ. ಆ ಒಂದು ಫೋಲ್ಡರಿನ ಮೇಲೆ ಅನುಮತಿ ಬದಲಿಸುವ ಐಕ್ಯಾಕಲ್ಸ್ (icacls) ಆದೇಶವನ್ನು ರೀಸೆಟ್ (/reset: ಮೇಲಿನಿಂದ ಬರುವ ಅನುಮತಿಯನ್ನೇ ಕೊಡು), ಟಿ (/t: ಒಳಗಿರುವುದಕ್ಕೂ) ಸ್ವಿಚ್‌ಗಳೊಂದಿಗೆ ಓಡಿಸಿದ್ದರೆ ಸಾಕಾಗುತ್ತಿತ್ತು.

ನೀವು ಮಾಡಿದ್ದಕ್ಕೆ ಅನ್‌ಡೂ ಇಲ್ಲ. ಆದರೆ ಶ್ಯಾಡೋ ಕಾಪಿ (ವಿಂಡೋಸ್ ಆಗಾಗ ತೆಗೆದಿಡುವ ಆ ಹೊತ್ತಿನ ಪ್ರತಿ) ಚಾಲೂ ಇದೆಯೇ ನೋಡಿ. ಇದ್ದರೆ ಆ ಹಳೆಯ ಪ್ರತಿಯಲ್ಲಿ ಅಂದಿನ ಅನುಮತಿಗಳೂ ಹಾಗೆಯೇ ಇರುತ್ತವೆ, ಓದಿಕೊಂಡು ಮತ್ತೆ ಬರೆಯಬಹುದು.

ಹುಬ್ಬಳ್ಳಿ ಲೆಕ್ಕಿಗ:
ಶ್ಯಾಡೋ ಕಾಪಿ ಇತ್ತು! ಬೆಳಿಗ್ಗೆ ಏಳು ಗಂಟೆಯದು. ಮಧ್ಯಾಹ್ನ ಹನ್ನೆರಡರದೂ ಇದೆ, ಅದರಲ್ಲಿ ನನ್ನ ಪರಾಕ್ರಮವೇ ದಾಖಲಾಗಿದೆ. ಇನ್ನು ಮುಂದೆ ಆರ್ಟಿಕಲ್ ಗುಂಪಿಗೆ ಮೇಲಿನಿಂದಲೇ ಡಿನೈ (ನಿರಾಕರಣೆ) ಹಾಕಿಬಿಟ್ಟರೆ ಹೇಗೆ?

ಹಳೇ ಶಾನುಭೋಗ:
ಬೇಡ. ಕೆಳಗೆ ಯಾರೋ ನೇರವಾಗಿ ಅಲೋ (ಒಪ್ಪಿಗೆ) ಬರೆದಿದ್ದರೆ ಪಿತ್ರಾರ್ಜಿತ ಡಿನೈ ಅದರ ಮುಂದೆ ಸೋಲುತ್ತದೆ. ‘ಸಂಬಳ’ವನ್ನು ಆ ಫೋಲ್ಡರುಗಳ ಮರದಿಂದಲೇ ಕಿತ್ತು ಪ್ರತ್ಯೇಕ ಶೇರ್ (ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರ್) ಮಾಡಿ. ವ್ಯಕ್ತಿಗಳ ಹೆಸರಿಗೆ ಅನುಮತಿ ಕೊಡಬೇಡಿ, ಗುಂಪಿಗೆ ಕೊಡಿ. ಮುಂದಿನ ಸಲ ಏನನ್ನಾದರೂ ಮುಟ್ಟುವ ಮೊದಲು ಐಕ್ಯಾಕಲ್ಸ್‌ನ ಸೇವ್ ಸ್ವಿಚ್‌ನಿಂದ ಇರುವುದನ್ನು ಫೈಲಿಗೆ ಇಳಿಸಿಕೊಳ್ಳಿ. ಮರಳಿಸುವಾಗ ಆದೇಶವನ್ನು ಆ ಫೋಲ್ಡರಿಗಲ್ಲ, ಅದರ ಮೇಲಿನ ಫೋಲ್ಡರಿಗೆ ಕೊಡಬೇಕು. ನಾನು ಇದರಲ್ಲಿ ಒಂದು ಭಾನುವಾರ ಕಳೆದಿದ್ದೇನೆ.

ಹುಬ್ಬಳ್ಳಿ ಲೆಕ್ಕಿಗ:
ಎಲ್ಲ ಮುಗಿಸಿದೆ, ‘ಸಂಬಳ’ ಈಗ ಬೇರೆ ಶೇರ್. ಗುಂಪಿಗೆ ಸೇರಿಸಿದರೂ ಪಾಲುದಾರರಿಗೇ ಅದು ತೆರೆಯುತ್ತಿಲ್ಲ. ಅವರು ನನ್ನ ಮೇಜಿನ ಬಳಿಯೇ ನಿಂತಿದ್ದಾರೆ.

ರಾತ್ರಿಪಾಳಿ:
ಲಾಗ್ ಆಫ್ ಆಗಿ ಮತ್ತೆ ಲಾಗ್ ಇನ್ ಆಗಲು ಹೇಳಿ. ಹೊಸ ಗುಂಪಿನ ಸದಸ್ಯತ್ವ ಆಗಲೇ ಲೆಕ್ಕಕ್ಕೆ ಬರುವುದು.